ಗಾಡಿ ಒಲ್ಲೆ ಅನ್ನುತ್ತಿದೆಯೋ, ಆಗೋದಿಲ್ಲ ಅನ್ನುತ್ತಿದೆಯೋ?

ಸ್ಕಿಡ್ ಸ್ಟಿಯರ್ ಲೋಡರ್ ಕೈಕೊಟ್ಟಾಗ ಸೈಟಿನಲ್ಲಿ ಮೊದಲ ಬೈಗುಳ ಬ್ಯಾಟರಿಗೆ, ಎರಡನೆಯದು ಆಪರೇಟರಿಗೆ. ಆಮೇಲೆ ಯಾರೋ ಹೊಸ ಸೆಲ್ಫ್ ಮೋಟರ್ ತರಿಸುತ್ತಾರೆ. ಅದನ್ನು ಕೂರಿಸಿದ ಮೇಲೂ ಗಾಡಿ ‘ಟಕ್’ ಎಂದು ಸುಮ್ಮನಾದರೆ ಆಗ ವೈರಿಂಗಿನ ಕಡೆ ಕಣ್ಣು ಹೊರಳುತ್ತದೆ. ಈ ಸರದಿಯನ್ನು ತಲೆಕೆಳಗು ಮಾಡಿದರೆ ದುಡ್ಡೂ ಉಳಿಯುತ್ತದೆ, ದಿನವೂ ಉಳಿಯುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಗಾಡಿ ಒಲ್ಲೆ ಅನ್ನುತ್ತಿದೆಯೋ, ಆಗೋದಿಲ್ಲ ಅನ್ನುತ್ತಿದೆಯೋ?

ಬ್ಯಾಕ್‌ಹೋ ಯಾವ ಕಂಪನಿಯದಾದರೂ ನಮಗೆ ಜೆಸಿಬಿ. ಹಾಗೆಯೇ ಈ ಗಿಡ್ಡ ಗಾಡಿ ಯಾರದ್ದಾದರೂ ಬಾಬ್‌ಕ್ಯಾಟ್. ಇದರ ಮೂಲ ಅಮೆರಿಕದ ಮಿನ್ನೆಸೋಟಾದ ರಾತ್ಸೇ ಎಂಬ ಸಣ್ಣ ಊರು. ಟರ್ಕಿ ಕೋಳಿ ಸಾಕುವ ರೈತನೊಬ್ಬನ ಕೊಟ್ಟಿಗೆಯಲ್ಲಿ ಕಂಬಗಳ ನಡುವೆ ನುಸುಳಿ ಗೊಬ್ಬರ ಬಾಚುವುದಕ್ಕೆಂದು ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಸಹೋದರರು 1957ರಲ್ಲಿ ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿದರು. ಅದನ್ನು ಮೆಲ್ರೋ ಕಂಪನಿ ತೆಗೆದುಕೊಂಡಿತು, 1960ರಲ್ಲಿ ನಾಲ್ಕು ಚಕ್ರ ಬಂತು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಕೊಟ್ಟಿಗೆಯೊಳಗೆ ನುಸುಳಬೇಕಾದ ಆ ಗಾತ್ರವೇ ಇವತ್ತಿನ ವಿದ್ಯುತ್ ತಾಪತ್ರಯಗಳಿಗೂ ಕಾರಣ. ಎತ್ತುವ ತೋಳುಗಳು ಕ್ಯಾಬಿನ ಎರಡೂ ಪಕ್ಕದಲ್ಲಿ, ಬಾಗಿಲು ಮುಂದಕ್ಕೆ, ಹತ್ತಿ ಇಳಿಯುವುದು ಬಕೆಟ್ಟಿನ ಮೇಲೆ ಕಾಲಿಟ್ಟು. ಅಂದರೆ ಆಪರೇಟರ್ ಹೊರಬರುವಾಗ ತೋಳಿನ ದಾರಿಯಲ್ಲೇ ಬರುತ್ತಾನೆ. ಅವನು ಹಾಗೆ ಬರುವಾಗ ತೋಳು ಇಳಿಯಬಾರದು, ಚಕ್ರ ಉರುಳಬಾರದು. ಅದಕ್ಕೆಂದೇ ಕಾವಲಿನ ಒಂದು ಸರ್ಕ್ಯೂಟು ಇದೆ.

ಈ ಕಾವಲು ಕೆಲಸ ಮಾಡುವ ರೀತಿ ಗೊತ್ತಿಲ್ಲದೆ ಸ್ಕಿಡ್ ಸ್ಟಿಯರಿನ ವೈರಿಂಗಿಗೆ ಕೈ ಹಾಕಬಾರದು. ಸೀಟಿನ ಕೆಳಗೊಂದು ಸ್ವಿಚ್, ಮಡಿಲ ಮೇಲೆ ಇಳಿಯುವ ಸೀಟ್ ಬಾರಿಗೆ ಒಂದು ಸೆನ್ಸರ್. ಎರಡೂ ‘ಆಳು ಕೂತಿದ್ದಾನೆ, ಬಾರ್ ಇಳಿದಿದೆ’ ಎಂದರೆ ಮಾತ್ರ ಕಂಟ್ರೋಲರ್ ಕೆಲವು ಸೊಲೆನಾಯ್ಡುಗಳಿಗೆ 12 ವೋಲ್ಟ್ ಕೊಡುತ್ತದೆ. ಆಗ ಬ್ರೇಕ್ ಬಿಡುತ್ತದೆ, ತೋಳಿನ ಮತ್ತು ಬಕೆಟ್ಟಿನ ಹೈಡ್ರಾಲಿಕ್ ಬೀಗ ತೆರೆಯುತ್ತದೆ. ಬಾಬ್‌ಕ್ಯಾಟಿನಲ್ಲಿ ಇದಕ್ಕೆ ‘ಬಿಕ್ಸ್’ ಎಂದು ಹೆಸರು. ಅನೇಕ ಮಾಡೆಲ್ಲುಗಳಲ್ಲಿ ಬಾರ್ ಇಳಿಸಿದ ಮೇಲೆ ಹಸಿರು ಗುಂಡಿಯೊಂದನ್ನೂ ಒತ್ತಬೇಕು. ಇಲ್ಲಿ ಗಮನಿಸಬೇಕಾದ್ದು, ಕರೆಂಟ್ ಇದ್ದರೆ ಬಿಡುಗಡೆ, ಇಲ್ಲದಿದ್ದರೆ ಬೀಗ. ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು ಅಥವಾ ಬೆಣೆ. ಕರೆಂಟಿನ ಕೆಲಸ ಅದನ್ನು ಬಿಡಿಸುವುದು. ಹಾಗಾಗಿ ವೈರು ತುಂಡಾದರೂ, ಅರ್ತ್ ಕಿಲುಬಾದರೂ, ಫ್ಯೂಸ್ ಹೋದರೂ, ಆಪರೇಟರ್ ಎದ್ದು ನಿಂತರೂ ಗಾಡಿಯ ಉತ್ತರ ಒಂದೇ: ಎಂಜಿನ್ ಗುರುಗುಡುತ್ತಿರುತ್ತದೆ, ಗಾಡಿ ಅಲುಗುವುದಿಲ್ಲ. ‘ಪಂಪ್ ಹೋಗಿದೆ’ ಎಂದು ಹೈಡ್ರಾಲಿಕ್ ಮೇಸ್ತ್ರಿಯನ್ನು ಕರೆಸಿದ ಎಷ್ಟೋ ಪ್ರಕರಣಗಳು ಕೊನೆಗೆ ಸೀಟಿನ ಕೆಳಗಿನ ಕನೆಕ್ಟರಿನಲ್ಲಿ ಮುಗಿಯುತ್ತವೆ.

ಒಲ್ಲೆ ಅನ್ನುತ್ತಿರುವ ಗಾಡಿಯನ್ನು ಪ್ಯಾನೆಲ್ಲಿನ ದೀಪಗಳೇ ತೋರಿಸಿಕೊಡುತ್ತವೆ. ಕೂತು, ಬಾರ್ ಇಳಿಸಿ, ಎತ್ತಿ, ಮತ್ತೆ ಇಳಿಸಿ. ಪ್ರತಿ ಸಲವೂ ಅದರ ದೀಪ ಬದಲಾಗಬೇಕು. ಬದಲಾಗದಿದ್ದರೆ ಸಂಶಯ ಸೆನ್ಸರಿನ ಮೇಲೆ. ಬಾರಿನ ತಿರುಗಣೆಯಲ್ಲಿ ಒಂದು ಆಯಸ್ಕಾಂತ, ಅದರೆದುರು ಮೂರು ವೈರಿನ ಹಾಲ್ ಸೆನ್ಸರ್ ಇಡುವುದು ಒಂದು ಪದ್ಧತಿ. ಒಂದು ವೈರಿನಲ್ಲಿ ವೋಲ್ಟೇಜ್ ಬರುತ್ತದೆ, ಒಂದು ಅರ್ತ್, ಮೂರನೆಯದು ಸುದ್ದಿ ಒಯ್ಯುತ್ತದೆ. ಮೊದಲೆರಡು ಸರಿಯಿದ್ದು, ಬಾರ್ ಎತ್ತಿಳಿಸಿದಾಗ ಮೂರನೆಯದರ ವೋಲ್ಟೇಜ್ ಬದಲಾಗದಿದ್ದರೆ ಸೆನ್ಸರ್ ಸತ್ತಿದೆ, ಇಲ್ಲವೇ ಬೋಲ್ಟ್ ಸಡಿಲಾಗಿ ಆಯಸ್ಕಾಂತ ಜಾರಿದೆ. ಸೀಟ್ ಸ್ವಿಚ್ಚಿನದು ಇನ್ನೂ ಸರಳ ಕಥೆ: ಸೀಟಿನ ಅಡಿ ಜಲ್ಲಿ, ಮಣ್ಣು, ಗುಟ್ಕಾ ಪೊಟ್ಟಣ ಸೇರಿ ಸ್ವಿಚ್ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಕೆಲವು ಕಂಪನಿಗಳ ಗಾಡಿಯಲ್ಲಿ ಸೀಟಿನ ಸುದ್ದಿ ಬಾರದೆ ಸೆಲ್ಫೂ ಹೊಡೆಯುವುದಿಲ್ಲ. ಹೊರಗೆ ನಿಂತು ಕೀ ತಿರುಗಿಸಿ ‘ಸ್ಟಾರ್ಟೇ ಆಗ್ತಿಲ್ಲ’ ಎನ್ನುವವರು ಇದನ್ನು ಮೊದಲು ನೋಡಲಿ.

ಈ ಹಂತದಲ್ಲಿ ಒಂದು ತುಂಡು ವೈರು ಹಾಕಿ ಸ್ವಿಚ್ಚನ್ನೇ ‘ಡೈರೆಕ್ಟ್’ ಮಾಡಿಕೊಡುವ ಚತುರರು ಎಲ್ಲ ಊರಿನಲ್ಲೂ ಇದ್ದಾರೆ. ಗಾಡಿ ಓಡುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಆಮೇಲೊಂದು ದಿನ ಆಪರೇಟರ್ ಎದ್ದು ಬಗ್ಗಿ ಬಕೆಟ್ಟಿನಲ್ಲಿ ಸಿಕ್ಕಿದ ಕಲ್ಲು ನೋಡುವಾಗ ಮೊಣಕೈ ಲಿವರಿಗೆ ತಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲಿ ಸ್ಕಿಡ್ ಸ್ಟಿಯರ್ ಸಾವುನೋವುಗಳ ಬಗ್ಗೆಯೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಬಕೆಟ್ ಮತ್ತು ಗಾಡಿಯ ಮೈ ನಡುವೆ, ಅಥವಾ ತೋಳು ಮತ್ತು ಗಾಡಿಯ ಮೈ ನಡುವೆ ಸಿಕ್ಕಿ ನಜ್ಜುಗುಜ್ಜಾಗುವುದೇ ಅಲ್ಲಿನ ಮುಖ್ಯ ಚಿಂತೆ. ಪರೀಕ್ಷೆಗೆಂದು ಒಂದು ಕ್ಷಣ ಜಂಪರ್ ಹಾಕುವುದು ಬೇರೆ. ಹಾಕಿದ್ದನ್ನು ಬಿಟ್ಟು ಗಾಡಿ ಕಳಿಸುವುದನ್ನು ದುರಸ್ತಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೈ ಹಾಕುವ ಮುನ್ನ

ತೋಳು ಪೂರ್ತಿ ಕೆಳಗಿರಲಿ. ಕ್ಯಾಬ್ ಮಗುಚಲು ತೋಳು ಎತ್ತಲೇಬೇಕಾದ ಮಾಡೆಲ್ ಆದರೆ ಕಂಪನಿ ಕೊಟ್ಟಿರುವ ಲಾಕ್ ಹಾಕದೆ ಕೆಳಗೆ ತಲೆ ಹಾಕಬೇಡಿ. ಮರದ ದಿಮ್ಮಿ ಅದಕ್ಕೆ ಬದಲಲ್ಲ. ಉಂಗುರ, ಕೈಗಡಿಯಾರ ತೆಗೆಯಿರಿ. 12 ವೋಲ್ಟ್ ಮನುಷ್ಯನಿಗೆ ಶಾಕ್ ಹೊಡೆಯದು ನಿಜ, ಆದರೆ ಬ್ಯಾಟರಿಯ ಪ್ಲಸ್ಸಿಗೂ ಬಾಡಿಗೂ ಅಡ್ಡಬಿದ್ದ ಪಾನಾ ಕೆಂಪಗೆ ಕಾಯುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಡಿಜಿಟಲ್ ಮೀಟರ್, ವೈರಿಗೆ ಜೋಡಿಸಿದ 21 ವಾಟಿನ ಇಂಡಿಕೇಟರ್ ಬಲ್ಬ್, ಆ ಮಾಡೆಲ್ಲಿನ ವೈರಿಂಗ್ ನಕ್ಷೆ. ನಕ್ಷೆ ಇಲ್ಲದೆ ಬಣ್ಣ ನೋಡಿ ಊಹಿಸುವ ಕೆಲಸ ಹಳೆಯ ಟ್ರ್ಯಾಕ್ಟರಿನಲ್ಲಿ ನಡೆಯುತ್ತಿತ್ತು, ಇಲ್ಲಿ ನಡೆಯದು. ಎರಡು ಕೈ ಬದಲಾದ ಗಾಡಿಯಲ್ಲಂತೂ ಕಂಪನಿಯ ಬಣ್ಣವೂ ಉಳಿದಿರುವುದಿಲ್ಲ.

ವೋಲ್ಟ್ ಎಲ್ಲಿ ಕಳೆದುಹೋಯಿತು?

ಈಗ ‘ಆಗೋದಿಲ್ಲ’ ಅನ್ನುವ ಗಾಡಿಯ ವಿಚಾರ. ಶುರು ಬ್ಯಾಟರಿಯಿಂದಲೇ, ಆದರೆ ಬೈಗುಳದಿಂದಲ್ಲ, ಅಳತೆಯಿಂದ. ಗಂಟೆಗಟ್ಟಲೆ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಬರಿದು. ಆದರೆ ಈ ಅಂಕಿ ಅರ್ಧ ಸತ್ಯವಷ್ಟೇ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ತುದಿಗಳಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಉಳಿದರ್ಧ. ಆಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಅತಿಯಾಗಿ ಎಳೆಯುತ್ತಿದೆ. ಕುಸಿಯದೆ 11ರ ಹತ್ತಿರ ನಿಂತು, ಸೆಲ್ಫ್ ಮಾತ್ರ ನಿಧಾನವಾಗಿ ನರಳಿದರೆ? ಆಗ ಬ್ಯಾಟರಿಯಿಂದ ಹೊರಟ ವೋಲ್ಟು ದಾರಿಯಲ್ಲಿ ಎಲ್ಲೋ ಸೋರಿದೆ.

ಸೋರುವ ಜಾಗ ಹುಡುಕಲು ಓಮ್ ಅಳೆಯುವುದು ವ್ಯರ್ಥ. ಲೆಕ್ಕ ನೋಡಿ: ಸೆಲ್ಫ್ 200 ಆಂಪಿಯರ್ ಎಳೆಯುತ್ತದೆಂದುಕೊಳ್ಳಿ. ಕಿಲುಬು ಹಿಡಿದ ಒಂದು ಲಗ್ಗಿನಲ್ಲಿ ಬರೀ 0.01 ಓಮ್ ತಡೆ ಇದ್ದರೂ ಅಲ್ಲೇ 2 ವೋಲ್ಟ್ ಮಾಯ. ಮಾಮೂಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಓಮ್ ಆಸುಪಾಸು ತೋರಿಸುತ್ತದೆ. ಅದು ಈ 0.01ನ್ನು ಕಾಣುವುದಾದರೂ ಹೇಗೆ? ‘ಕಂಟಿನ್ಯುಯಿಟಿ ಬರ್ತಿದೆ, ಬೀಪ್ ಅಂತಿದೆ, ಕೇಬಲ್ ಸರಿ ಇದೆ’ ಎಂಬ ಮಾತು ಎಷ್ಟು ಸೆಲ್ಫ್ ಮೋಟರುಗಳನ್ನು ವೃಥಾ ಬದಲಾಯಿಸಿದೆಯೋ.

ಅದರ ಬದಲು ಮೀಟರನ್ನು ವೋಲ್ಟಿನಲ್ಲಿಟ್ಟು, ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ — ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೇ — ಇನ್ನೊಂದು ಸೆಲ್ಫಿನ ದಪ್ಪ ಬೋಲ್ಟಿನ ಮೇಲೆ ಇಟ್ಟು ಯಾರಿಗಾದರೂ ಕೀ ತಿರುಗಿಸಲು ಹೇಳಿ. ಕೇಬಲ್ ಚೆನ್ನಾಗಿದ್ದರೆ ಅರ್ಧ ವೋಲ್ಟಿನೊಳಗೆ ಬರಬೇಕು. ಹಾಗೆಯೇ ಬ್ಯಾಟರಿಯ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ ಅಳೆದರೆ 0.2, ಬಹಳವೆಂದರೆ 0.3. ಇಲ್ಲಿ 2 ವೋಲ್ಟ್ ಕಂಡಿತೋ, ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸಿ. ಅಂಕಿ ಎಲ್ಲಿ ಧಡಕ್ಕನೆ ಬೀಳುತ್ತದೋ ಅಲ್ಲೇ ಕಳ್ಳ. ಹೆಚ್ಚಾಗಿ ಅವನು ಅರ್ತ್ ಬದಿಯಲ್ಲೇ ಸಿಗುತ್ತಾನೆ. ಚಾಸಿಗೆ ಬಣ್ಣದ ಮೇಲೇ ಬಿಗಿದ ಬೋಲ್ಟು, ಗೊಬ್ಬರದ ತೇವ, ಕರಾವಳಿಯಾದರೆ ಉಪ್ಪಿನ ಗಾಳಿ. ಬೋಲ್ಟ್ ಬಿಚ್ಚಿ, ಬರಿಯ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಖರ್ಚಿಲ್ಲದೆ ಗಾಡಿ ಎದ್ದು ಕೂರುತ್ತದೆ.

ಸಣ್ಣ ವೈರುಗಳಲ್ಲಿ ಡಿಜಿಟಲ್ ಮೀಟರ್ ಇನ್ನೊಂದು ಮೋಸ ಮಾಡುತ್ತದೆ. ಅದರ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್. 12 ವೋಲ್ಟ್ ಅಳೆಯಲು ಅದಕ್ಕೆ ಬೇಕಾದ್ದು ಒಂದು ಮೈಕ್ರೋ ಆಂಪಿಯರಿನಷ್ಟು. ಇಪ್ಪತ್ತು ಎಳೆಯ ಹಗ್ಗದಲ್ಲಿ ಹತ್ತೊಂಬತ್ತು ಹರಿದರೂ ಒಣಬಟ್ಟೆ ತೂಗುತ್ತದೆ, ಕೊಡ ಕಟ್ಟಿದರೆ ತಾನೆ ಬಣ್ಣ ಬಯಲು? ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ 12.5 ಎಂದು ತೋರಿಸುತ್ತದೆ. ಅದೇ ಜಾಗಕ್ಕೆ 21 ವಾಟಿನ ಬಲ್ಬ್ ಹಚ್ಚಿ. ಅದಕ್ಕೆ ಸುಮಾರು 1.75 ಆಂಪಿಯರ್ ಬೇಕು. ಮಂಕಾಗಿ ಉರಿದರೆ ವೈರು ಒಳಗೇ ಕೊಳೆತಿದೆ. ಒಂದು ಎಚ್ಚರಿಕೆ: ಕಂಟ್ರೋಲರಿಗೆ, ಸೆನ್ಸರಿಗೆ ಹೋಗುವ ವೈರಿಗೆ ಈ ಬಲ್ಬ್ ತೋರಿಸಬೇಡಿ, ಒಳಗಿನ ಸೂಕ್ಷ್ಮ ಭಾಗ ಸುಡಬಹುದು. ಅಲ್ಲಿ ಮೀಟರೇ ಸರಿ.

ಕೀ ತಿರುಗಿಸಿದಾಗ ‘ಟಕ್’ ಕೂಡ ಬಾರದಿದ್ದರೆ ಸೆಲ್ಫಿನ ಸಣ್ಣ ವೈರನ್ನು, ಅಂದರೆ 50 ಎಂದು ಗುರುತಿರುವ ತುದಿಯನ್ನು ನೋಡಿ. ಕೀ ತಿರುಗಿಸಿ ಹಿಡಿದಾಗ ಅಲ್ಲಿ 11ರ ಹತ್ತಿರ ಬಂದರೂ ಸದ್ದಿಲ್ಲವೆಂದರೆ ಸೆಲ್ಫಿನ ಸೊಲೆನಾಯ್ಡೋ ಅರ್ತೋ ಕೆಟ್ಟಿದೆ. ಏನೂ ಬಾರದಿದ್ದರೆ ಹಿಂದಕ್ಕೆ ನಡೆಯಿರಿ: ರಿಲೇ, ಕೀ ಸ್ವಿಚ್, ಫ್ಯೂಸ್, ಮತ್ತೆ ಆ ಸೀಟಿನ ಕಾವಲು. ರಿಲೇಯಲ್ಲಿ 85, 86 ಸುರುಳಿಯ ತುದಿಗಳು. 30ರಿಂದ ಒಳಗೆ, 87ರಿಂದ ಹೊರಗೆ. ಸುರುಳಿ ಸಾಮಾನ್ಯವಾಗಿ 70ರಿಂದ 100 ಓಮ್. ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದಲುಬದಲು ಮಾಡಿ ನೋಡುವುದು ಅತಿ ಸುಲಭದ ಪರೀಕ್ಷೆ. ಫ್ಯೂಸನ್ನು ಬರಿಗಣ್ಣಲ್ಲಿ ನೋಡಿ ‘ಸರಿ ಇದೆ’ ಅನ್ನಬೇಡಿ, ಎರಡೂ ತಲೆಯಲ್ಲಿ ವೋಲ್ಟ್ ಇದೆಯೇ ನೋಡಿ.

ತಿರುಗುತ್ತದೆ, ಹತ್ತುವುದಿಲ್ಲ

ಸೆಲ್ಫ್ ಚುರುಕಾಗಿ ಹೊಡೆದರೂ ಎಂಜಿನ್ ಹತ್ತದಿದ್ದರೆ ಡೀಸೆಲ್ ಮೇಸ್ತ್ರಿಯನ್ನು ಕರೆಯುವ ಮುನ್ನ ಫ್ಯುಯೆಲ್ ಸೊಲೆನಾಯ್ಡ್ ನೋಡಿ. ಬಾಬ್‌ಕ್ಯಾಟ್ 753, 763 ಮುಂತಾದ ಹಳೆಯ ಮಾಡೆಲ್ಲುಗಳಲ್ಲಿ ಕುಬೋಟಾ ವಿ2203 ಎಂಜಿನ್ ಇರುತ್ತದೆ. ಡೀಸೆಲ್ ಪಂಪು ಯಾಂತ್ರಿಕವಾದ್ದರಿಂದ ಅದಕ್ಕೆ ವಿದ್ಯುತ್ತಿನ ಅಗತ್ಯ ಬಹುತೇಕ ಈ ಒಂದು ಕಡೆಯಲ್ಲೇ. ಈ ಸೊಲೆನಾಯ್ಡಿನೊಳಗೆ ಎರಡು ಸುರುಳಿ. ಎಳೆಯುವ ಸುರುಳಿ ಹತ್ತಾರು ಆಂಪಿಯರ್ ಕುಡಿದು ದಂಡವನ್ನು ಒಮ್ಮೆ ಸೆಳೆಯುತ್ತದೆ. ಹಿಡಿಯುವ ಸುರುಳಿ ಒಂದು ಆಂಪಿಯರಿನ ಆಸುಪಾಸಿನಲ್ಲಿ ಅದನ್ನು ಕೆಲಸ ಮುಗಿಯುವ ತನಕ ಹಿಡಿದಿಡುತ್ತದೆ. ಮೂರು ವೈರಿನ ಸೊಲೆನಾಯ್ಡುಗಳಲ್ಲಿ ಸಾಮಾನ್ಯವಾಗಿ ಬಿಳಿ ಎಳೆಯಲು, ಕೆಂಪು ಹಿಡಿಯಲು, ಕಪ್ಪು ಅರ್ತ್.

ಪರೀಕ್ಷೆ ಬಹಳ ಚೆಂದ. ಎಂಜಿನ್ ನಿಂತಿರುವಾಗ ಕೀಯನ್ನು ಆನ್ ಮಾಡಿ, ದಂಡವನ್ನು ಕೈಯಿಂದ ಒಳಗೆ ತಳ್ಳಿ ಬಿಡಿ. ಅಲ್ಲೇ ಕಚ್ಚಿಕೊಂಡರೆ ಹಿಡಿಯುವ ಸುರುಳಿ ಚೆನ್ನಾಗಿದೆ, ಎಳೆಯುವುದರಲ್ಲಿ ಅಥವಾ ಅದರ ರಿಲೇಯಲ್ಲಿ ದೋಷ. ಹೊರಕ್ಕೆ ಜಿಗಿದರೆ ಹಿಡಿಯುವ ಬದಿ ಕೆಟ್ಟಿದೆ. ಹಳ್ಳಕ್ಕೆ ಬಿದ್ದಾಗಲೆಲ್ಲ ಎಂಜಿನ್ ಪಟ್ಟನೆ ಆಫ್ ಆಗುತ್ತದೆ ಎಂಬ ದೂರಿಗೂ ಆ ಕೆಂಪು ವೈರಿನ ಲೂಸ್ ಕಾಂಟ್ಯಾಕ್ಟೇ ಕಾರಣವಿರಬಹುದು. ಹೊಸ ಸೊಲೆನಾಯ್ಡ್ ಹಾಕಿದ ವಾರದಲ್ಲೇ ಮತ್ತೆ ಸುಟ್ಟರೆ ಸಾಮಾನಿನ ಗುಣಮಟ್ಟವನ್ನು ಬೈಯುವ ಮುನ್ನ ಎಳೆಯುವ ವೈರಿಗೆ ಕರೆಂಟ್ ಕ್ಷಣಮಾತ್ರ ಬರುತ್ತಿದೆಯೇ, ಸದಾ ಬರುತ್ತಿದೆಯೇ ನೋಡಿ. ರಿಲೇ ಅಂಟಿಕೊಂಡಿದ್ದರೆ ಹತ್ತಾರು ಆಂಪಿಯರ್ ನಿಲ್ಲದೆ ಹರಿದು ಸುರುಳಿ ಬೇಯುತ್ತದೆ. ಒಳಗೇ ಕಟಾಫ್ ಇರುವ ಬಗೆಯಲ್ಲಿ ಧೂಳು ತುಂಬಿ ದಂಡ ಪೂರ್ತಿ ಒಳಗೆ ಹೋಗದಿದ್ದರೂ ಇದೇ ಗತಿ.

ಚಾರ್ಜಿಂಗ್ ಬಗ್ಗೆ ಎರಡೇ ಮಾತು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ಬರಬೇಕು, ಆಲ್ಟರ್ನೇಟರಿನ ಬೋಲ್ಟಿನಲ್ಲಿ 14.4 ಇದ್ದು ಬ್ಯಾಟರಿಯಲ್ಲಿ 13 ಇದ್ದರೆ ಡೈನಮೋ ಬಿಚ್ಚಬೇಡಿ, ನಡುವಿನ ವೈರು ನೋಡಿ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಕ್ಲ್ಯಾಂಪ್ ಕಿತ್ತು ‘ಡೈನಮೋ ಚೆಕ್’ ಮಾಡುವ ಹಳೇ ಪದ್ಧತಿಯನ್ನು ಕಂಟ್ರೋಲರ್ ಇರುವ ಗಾಡಿಯ ಹತ್ತಿರವೂ ತರಬೇಡಿ. ಆಗ ಏಳುವ ವೋಲ್ಟೇಜ್ ಅಲೆ ಡಯೋಡುಗಳನ್ನೂ ಕಂಟ್ರೋಲರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ.

ಮತ್ತೆ ಮತ್ತೆ ಸುಡುವ ಫ್ಯೂಸ್

10 ಆಂಪಿಯರಿನ ಕೆಂಪು ಫ್ಯೂಸ್ ಹೋಯಿತೆಂದು 30ರ ಹಸಿರು ಹಾಕುವವರಿದ್ದಾರೆ. ಆಗ ಫ್ಯೂಸಿನ ಬದಲು ವೈರು ಸುಡುತ್ತದೆ. ಡಬ್ಬಿಗಟ್ಟಲೆ ಫ್ಯೂಸ್ ಸುಡುವುದಕ್ಕಿಂತ ಆ ಫ್ಯೂಸಿನ ಜಾಗಕ್ಕೇ 21 ವಾಟಿನ ಬಲ್ಬಿನ ಎರಡು ತುದಿ ಸಿಕ್ಕಿಸಿ. ಶಾರ್ಟ್ ಇರುವ ತನಕ ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ವೈರಿಗೆ ಅಪಾಯವಿಲ್ಲ. ಈಗ ಆ ಲೈನಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ, ಹಾರ್ನೆಸ್ಸನ್ನು ಅಲ್ಲಲ್ಲಿ ಕೈಯಿಂದ ಅಲುಗಾಡಿಸಿ. ಬಲ್ಬ್ ಎಲ್ಲಿ ಆರುತ್ತದೋ ಮಂಕಾಗುತ್ತದೋ ಅಲ್ಲಿ ಹುಡುಕಿ. ಸ್ಕಿಡ್ ಸ್ಟಿಯರಿನಲ್ಲಿ ಜಾಗಗಳು ಹೆಚ್ಚುಕಡಿಮೆ ನಿಗದಿ: ಕ್ಯಾಬ್ ಮಗುಚುವ ಹಿಂಜಿನ ಬಳಿ, ತೋಳಿನ ಪಿನ್ನಿನ ಪಕ್ಕ, ಸೈಲೆನ್ಸರಿನ ಮಗ್ಗುಲು, ಮುಂದಿನ ಅಟ್ಯಾಚ್‌ಮೆಂಟಿಗೆ ಹೋಗುವ ಪ್ಲಗ್ಗು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಸೀಟಿನ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಇಲಿಯ ಸಂಸಾರವನ್ನೂ ನಿರೀಕ್ಷಿಸಿ.

ಹೊಸ ಗಾಡಿಗಳಲ್ಲಿ ಕಂಟ್ರೋಲರುಗಳು ಕ್ಯಾನ್ ಎಂಬ ಎರಡು ಹೆಣೆದ ವೈರುಗಳ ಮೇಲೆ ಮಾತಾಡಿಕೊಳ್ಳುತ್ತವೆ. ಪ್ಯಾನೆಲ್ಲಿಗೆ ಒಮ್ಮೆಲೇ ಹತ್ತು ಕೋಡ್ ಬಂದರೆ ಹತ್ತು ಭಾಗ ಕೆಟ್ಟಿವೆ ಎಂದು ಗಾಬರಿಯಾಗಬೇಕಿಲ್ಲ. ಬ್ಯಾಟರಿ ಬಿಚ್ಚಿ ಆ ಎರಡು ವೈರುಗಳ ನಡುವೆ ಓಮ್ ಅಳೆಯಿರಿ. ಸಾಲಿನ ಎರಡು ಕೊನೆಯಲ್ಲೂ 120 ಓಮಿನ ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಎಲ್ಲೋ ಸಾಲು ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡೂ ವೈರು ಕೂಡಿಕೊಂಡಿವೆ. ಹಲವು ಸೆನ್ಸರ್ ಕೋಡುಗಳು ಒಟ್ಟಿಗೆ ಬರುವ ಇನ್ನೊಂದು ಕಾರಣ ಅವೆಲ್ಲ ಹಂಚಿಕೊಳ್ಳುವ 5 ವೋಲ್ಟಿನ ಲೈನು. ಒಂದು ಸೆನ್ಸರ್ ಶಾರ್ಟ್ ಆದರೆ ಉಳಿದವನ್ನೂ ಎಳೆದು ಕೆಡವುತ್ತದೆ; ಒಂದೊಂದೇ ಬಿಚ್ಚುತ್ತ ಹೋದರೆ ಅಪರಾಧಿಯನ್ನು ಬಿಚ್ಚಿದ ಕ್ಷಣ 5 ವೋಲ್ಟ್ ಮರಳುತ್ತದೆ. ಎಂಜಿನ್ ಕೋಡಿನ ಕೊನೆಯಲ್ಲಿ ಎಫ್‌ಎಂಐ ಎಂಬ ಅಂಕಿ ಇದ್ದರೆ ಅದನ್ನು ಬಿಟ್ಟು ಓದಬೇಡಿ: 3 ಎಂದರೆ ವೋಲ್ಟೇಜ್ ಅತಿಯಾಗಿದೆ, 4 ಎಂದರೆ ತೀರ ಕಡಿಮೆ, 5 ಎಂದರೆ ಕರೆಂಟ್ ಹರಿಯುತ್ತಿಲ್ಲ, ವೈರು ತುಂಡಾಗಿರಬಹುದು, 6 ಎಂದರೆ ಹೆಚ್ಚು ಹರಿಯುತ್ತಿದೆ, ಅರ್ತಿಗೆ ತಾಗಿರಬಹುದು. ಭಾಗ ಯಾವುದೆಂಬುದಕ್ಕಿಂತ ಈ ಅಂಕಿಯೇ ಮೇಸ್ತ್ರಿಗೆ ಹೆಚ್ಚು ಹೇಳುತ್ತದೆ.

ದೋಷಗಳನ್ನು ಹುಡುಕುವುದರ ಜೊತೆಗೆ ಹುಟ್ಟಿಸುವುದನ್ನೂ ನಿಲ್ಲಿಸಬೇಕು. ಸೈಟಿನಲ್ಲಿ ಬ್ಯಾಟರಿ ಇಳಿದಾಗ ಪಕ್ಕದ ಟಿಪ್ಪರಿನಿಂದ ಕೇಬಲ್ ಎಳೆಯುವುದು ರೂಢಿ. ಅನೇಕ ಟಿಪ್ಪರುಗಳದು 24 ವೋಲ್ಟ್, ಸ್ಕಿಡ್ ಸ್ಟಿಯರಿನದು 12. ಎರಡು ಬ್ಯಾಟರಿಯಲ್ಲಿ ಒಂದರಿಂದಷ್ಟೇ ತೆಗೆದರಾಯಿತು ಎನ್ನುವವರು ಬಕೆಟ್ ಟಿಪ್ಪರಿನ ಮೈಗೆ ತಾಗಿದರೆ ಏನಾಗುತ್ತದೆಂದು ಯೋಚಿಸಿರುವುದಿಲ್ಲ: ಮೇಲಿನ ಬ್ಯಾಟರಿಯನ್ನು ಹಿಡಿದಿದ್ದರೆ ಚಾಸಿಗಳ ಮೂಲಕ ನೇರ ಶಾರ್ಟ್. ಟ್ರ್ಯಾಕ್ಟರೋ ಪಿಕಪ್ಪೋ 12 ವೋಲ್ಟಿನದಿದ್ದರೆ ಅದನ್ನು ತನ್ನಿ, ಕೊನೆಯ ಮೈನಸ್ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ದೂರದ ಎಂಜಿನ್ ಬ್ಲಾಕಿಗೆ ಹಾಕಿ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ನಿಗೆ ಕಿಡಿ ಸಾಕು. ಬಕೆಟ್ ವೆಲ್ಡಿಂಗ್ ಮಾಡುವಾಗ ಬ್ಯಾಟರಿ, ಕಂಟ್ರೋಲರ್ ಎರಡರ ಕನೆಕ್ಷನ್ ತೆಗೆದು, ವೆಲ್ಡಿಂಗಿನ ಅರ್ತನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ವಾಟರ್ ಸರ್ವಿಸಿನವನ ಪ್ರೆಷರ್ ಗನ್ ಸೀಟಿನ ಕೆಳಗೂ ಫ್ಯೂಸ್ ಬಾಕ್ಸಿನ ಮೇಲೂ ನೇರ ತಿರುಗದಂತೆ ಒಬ್ಬರು ನಿಂತು ನೋಡಿಕೊಳ್ಳಿ.

ತುಂಡಾದ ವೈರನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದರೆ ಅದು ಮುಂದಿನ ಮಳೆಯ ತನಕ. ಸರಿ ಗಾತ್ರದ ವೈರು, ಕ್ರಿಂಪ್ ಮಾಡಿದ ಜೋಡಣೆ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ, ಮೇಲೆ ಸುರುಳಿ ಪೈಪು, ಉಜ್ಜುವ ಅಂಚಿನಿಂದ ದೂರ ಕಟ್ಟಿದ ಟೈ — ಇಷ್ಟಾದರೆ ಗಾಡಿ ಇರುವಷ್ಟು ದಿನ ಇರುತ್ತದೆ. ಪರೀಕ್ಷೆಗೆ ಹಾಕಿದ ಜಂಪರುಗಳನ್ನು ಎಣಿಸಿ ತೆಗೆಯಿರಿ. ಆಮೇಲೆ ಬಯಲಿನಲ್ಲಿ, ಸುತ್ತ ಯಾರೂ ಇಲ್ಲದ ಕಡೆ, ಸೀಟಿನಲ್ಲಿ ಕೂತು ಬೆಲ್ಟ್ ಹಾಕಿ, ಎಂಜಿನ್ ನಿಧಾನಗತಿಯಲ್ಲಿರುವಾಗ ತೋಳನ್ನು ನೆಲದಿಂದ ಮೊಳದಷ್ಟು ಎತ್ತಿ ನಿಲ್ಲಿಸಿ. ಸೀಟ್ ಬಾರ್ ಮೇಲೆತ್ತಿ, ಲಿವರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ. ತೋಳು ಕದಲಬಾರದು, ಬಕೆಟ್ ಮಗುಚಬಾರದು, ಚಕ್ರ ಹೊರಳಬಾರದು. ಈ ಮೂರರಲ್ಲಿ ಯಾವುದಾದರೂ ಒಂದು ಅಲುಗಿದರೂ ಕೀ ತೆಗೆದು ಜೇಬಿಗೆ ಹಾಕಿಕೊಂಡು ಸೀಟಿನ ಕೆಳಗಿನ ಕನೆಕ್ಟರಿನಿಂದ ಮತ್ತೆ ಶುರುಮಾಡಿ; ಅಷ್ಟು ಹೊತ್ತಿಗೆ ಮಾಲೀಕನ ಫೋನ್ ಎಷ್ಟು ಸಲ ಬಂದಿದ್ದರೂ ಸರಿಯೇ.